ಐದು ಬಡಿತ, ಮೂರು ಬಿಡುವು

ಆಷಾಢದ ಮೊದಲ ಸೋಮವಾರ ಮುಚ್ಚಳ ಕಾರ್ಖಾನೆಯವರು ಹಾಡಿನ ವೇಗವನ್ನು ನಾಲ್ಕನೇ ಗೆರೆಯಿಂದ ಐದನೇ ಗೆರೆಗೆ ಏರಿಸಿದರು. ಬುಧವಾರ, ಊಟದ ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ, ಹನ್ನೊಂದನೇ ಪ್ರೆಸ್ಸಿನಲ್ಲಿ ಸಾಂವಕ್ಕನ ಎಡಗೈಯ ಎರಡು ಬೆರಳು ಹೋದವು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನೆದುರು 'ತಾಳ ತಪ್ಪಿದಳು' ಎಂದು ಬರೆದರು. ಗುರುವಾರ ಆ ಪ್ರೆಸ್ಸಿಗೆ ಬೇರೆಯವಳನ್ನು ಕೂರಿಸಿದರು. ಕೈಕಟ್ಟು ಬಿಚ್ಚಿದ ಮೇಲೆ ಸಾಂವಕ್ಕನ ಕೈಗೆ ಕಸಬರಿಗೆ ಕೊಟ್ಟರು.

ಹಾಡಿನ ಗುಂಡಿಯನ್ನು ನಾಲ್ಕರಿಂದ ಐದಕ್ಕೆ ತಿರುವಿದ ಕೈ ನನ್ನದು. ಸಾಂವಕ್ಕ ನನ್ನ ಅಣ್ಣನ ಹೆಂಡತಿ, ನನಗೆ ವೈನಿ. ಅಣ್ಣ ಲಾರಿ ಹತ್ತಿ ಹೋದರೆ ಎರಡು ತಿಂಗಳಿಗೊಮ್ಮೆ ಮುಖ ತೋರಿಸುವವನು. ಅವಳು ಬಡಿದ ರೊಟ್ಟಿ ಕಟ್ಟಿಕೊಂಡೇ ನಾನು ಆ ಸೋಮವಾರ ಕಾರ್ಖಾನೆಗೆ ಹೋಗಿದ್ದೆ.

ನಮ್ಮೂರಲ್ಲಿ ಹಾಡು ಕಿವಿಗೆ ಬಿದ್ದರೆ ಕೈಕಾಲು ನಮ್ಮ ಮಾತು ಬಿಟ್ಟು ಅದರ ಮಾತು ಕೇಳುತ್ತವೆ. ಹಾಡು ನಿಂತ ಮೇಲೆ ಮತ್ತೆ ನಮ್ಮವಾಗುತ್ತವೆ. ಇದಕ್ಕೆ ಯಾರೂ ಅಂಜುವುದಿಲ್ಲ, ಒಗ್ಗಿಕೊಂಡಿದ್ದೇವೆ. ಕ್ಷೌರದಂಗಡಿಯಲ್ಲಿ 'ಇಲ್ಲಿ ಗುನುಗಬಾರದು' ಎಂದು ಫಲಕ ಇರುತ್ತದೆ. ಮದುವೆ ಮನೆಯವರು ಬ್ಯಾಂಡಿನವರನ್ನು ಕರೆಸಿದರೆ ಹಿಂದಿನ ದಿನವೇ ಓಣಿಯಲ್ಲಿ ಮನೆಮನೆಗೆ ಕಿವಿಗಿಡಲು ಅರಳೆ ಹಂಚಬೇಕು, ಇಲ್ಲದಿದ್ದರೆ ಒಲೆಯ ಮೇಲಿನ ಸಾರು ಒಲೆಯ ಮೇಲೇ, ಸೊಸೆ ಬೀದಿಯಲ್ಲಿ. ಒಮ್ಮೆ ಒಂದು ದಿಬ್ಬಣ ಮತ್ತು ಒಂದು ಹೆಣ ಊರ ಅಗಸಿಬಾಗಿಲ ಹತ್ತಿರ ಎದುರಾಬದುರಾಗಿ, ಚಟ್ಟ ಹೊತ್ತವರು ಎರಡು ಸುತ್ತು ಕುಣಿದುಬಿಟ್ಟರು. ಆ ಎರಡು ಮನೆತನಗಳ ನಡುವೆ ಇವತ್ತಿಗೂ ಮಾತಿಲ್ಲ. ಚುನಾವಣೆ ಬಂದಾಗ ಒಂದು ಪಕ್ಷದವರು ಹಾಡು ಹಚ್ಚಿದ ಗಾಡಿ ತಂದರು. ಪ್ಯಾಟಿಯ ಅರ್ಧ ಜನ ಅದರ ಹಿಂದೆ ಊರ ಗಡಿಯತನಕ ನಡೆದರು. ಮರುದಿನ ಪೇಪರಿನಲ್ಲಿ ಫೋಟೋ ಬಂತು: ಜನಸಾಗರ.

ಇದರ ಲಾಭ ಮೊದಲು ತಿಳಿದದ್ದು ಮುಚ್ಚಳ ಕಾರ್ಖಾನೆಗೆ. ಡಬ್ಬಿಗಳಿಗೆ ತಗಡಿನ ಮುಚ್ಚಳ ಒತ್ತುವ ಕೆಲಸ. ನಲವತ್ತು ಪ್ರೆಸ್ಸು, ನಲವತ್ತು ಹೆಂಗಸರು. ತಗಡಿನ ಬಿಲ್ಲೆ ಪ್ರೆಸ್ಸಿನ ಬಾಯಿಗೆ ಇಡಬೇಕು, ಕೈ ತೆಗೆಯಬೇಕು, ಕಾಲಿನಿಂದ ಹಲಗೆ ತುಳಿಯಬೇಕು, ಒತ್ತಿದ ಮುಚ್ಚಳ ಎತ್ತಬೇಕು. ಇಡು, ತೆಗೆ, ತುಳಿ, ಎತ್ತು. ನಾಲ್ಕು ಎಣಿಕೆ. ಕಂಪನಿಯವರು ಯಾರಿಂದಲೋ ಹಾರ್ಮೋನಿಯಂ ಮೇಲೆ ನಾಲ್ಕೆಣಿಕೆಯ ಒಂದು ಹಾಡು ಕಟ್ಟಿಸಿ ರಿಕಾರ್ಡು ಮಾಡಿಸಿದರು. ಮಾಳಿಗೆಯ ಮೇಲೆ ಗಾಜಿನ ಕಿಟಕಿಯ ಕೋಣೆ, ಕೋಣೆಯಲ್ಲಿ ರಿಕಾರ್ಡು ತಿರುಗುವ ಯಂತ್ರ, ಯಂತ್ರಕ್ಕೆ ಎಂಟು ಗೆರೆಯ ಗುಂಡಿ. ಗುಂಡಿ ತಿರುವಿದಷ್ಟು ವೇಗ. ಆ ಕೋಣೆಯಲ್ಲಿ ಕೂರುವವನು ನಾನು. ನನ್ನ ಕೈಕಾಲು ಹಾಡಿಗೆ ಸಿಗಬಾರದಲ್ಲ, ಅದಕ್ಕೆ ಕಂಪನಿಯವರೇ ಮೇಣದ ಡಬ್ಬಿ ಕೊಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ಕಿವಿಗೆ ಮೇಣ ತುಂಬಿಕೊಂಡರೆ ಸಂಜೆ ತೆಗೆಯುವುದು. ಹನ್ನೊಂದು ವರ್ಷ ಹಾಗೇ ನಡೆದಿತ್ತು. ಕಿಟಕಿಯಿಂದ ಕೆಳಗೆ ನೋಡಿದರೆ ನಲವತ್ತು ಕೈ ಒಟ್ಟಿಗೆ ಮೇಲೇರಿ ಒಟ್ಟಿಗೆ ಇಳಿಯುತ್ತಿದ್ದವು, ಸದ್ದಿಲ್ಲದೆ. ಬುಧವಾರ ಹನ್ನೊಂದನೇ ಪ್ರೆಸ್ಸಿನಲ್ಲಿ ಒಂದು ಬಾಯಿ ತೆರೆದದ್ದನ್ನು ಕಂಡೆ. ಕೂಗು ಕೇಳಲಿಲ್ಲ. ಉಳಿದ ಮೂವತ್ತೊಂಬತ್ತು ಜನರ ಕೈ ನಿಲ್ಲಲಿಲ್ಲ, ನಿಲ್ಲಲು ಹಾಡು ಬಿಡಬೇಕಲ್ಲ. ನಾನು ಸೂಜಿ ಎತ್ತುವಷ್ಟರಲ್ಲಿ ಅವರು ಇನ್ನೂ ಆರು ಮುಚ್ಚಳ ಒತ್ತಿದ್ದರು.

ಗಾಯ ಒಣಗುವ ಹೊತ್ತಿಗೆ ಮನೆಯಲ್ಲಿ ಒಂದು ಬದಲಾವಣೆ ಆಯಿತು. ನಾನು ಏಳುವುದು ಯಾವಾಗಲೂ ವೈನಿಯ ರೊಟ್ಟಿ ಬಡಿತಕ್ಕೆ. ಮೊದಲೆಲ್ಲ ಅದು ಪಟಪಟ ಅಂತ ಒಂದೇ ಸಮ ಬೀಳುತ್ತಿತ್ತು. ಈಗ ಬಲಗೈಯಿಂದ ಐದು ಬಡಿತ, ಆಮೇಲೆ ಮೂರು ಎಣಿಕೆಯಷ್ಟು ಮೌನ, ಮತ್ತೆ ಐದು ಬಡಿತ. ಎಡಗೈಯ ಮೂರು ಬೆರಳಿನಿಂದ ರೊಟ್ಟಿ ತಿರುಗಿಸಲು ಅವಳಿಗೆ ಅಷ್ಟು ಹೊತ್ತು ಬೇಕಾಗುತ್ತಿತ್ತು. ಆ ಮೌನದಲ್ಲಿ ನಾನು ಹಾಸಿಗೆಯಲ್ಲಿ ಮಗ್ಗಲು ಬದಲಿಸುತ್ತಿದ್ದೆ.

ಒಂದು ದಿನ ಬುತ್ತಿ ಕಟ್ಟಿಕೊಡುತ್ತ ಕೇಳಿದಳು, "ಮಲ್ಹಾರಿ, ಆ ಹಾಡು ಹೆಂಗೈತಿ?"

"ಯಾವ ಹಾಡು ವೈನಿ?"

"ನನ್ನ ಬೆರಳು ತಿಂದದ್ದು."

"ನನಗೇನ್ ಗೊತ್ತು? ಕಿವ್ಯಾಗ ಮೇಣ ಇರ್ತೈತಿ."

ಅವಳು ನಕ್ಕಳು. ಆ ನಗೆಗಿಂತ ಎರಡೇಟು ಬಡಿದಿದ್ದರೆ ಚೆನ್ನಾಗಿತ್ತು. "ಭಲೆ ಅಡಿಗಿಯಾಂವ ನೀ. ಹನ್ನೊಂದು ವರ್ಷ ಊರಿಗೆಲ್ಲಾ ಬಡಿಸಿದಿ, ಒಂದು ದಿನಾನೂ ಬಾಯಾಗ ಹಾಕ್ಕೊಂಡು ರುಚಿ ನೋಡ್ಲಿಲ್ಲ!"

ಅದೇ ದಿನ ಮಧ್ಯಾಹ್ನ ಮ್ಯಾನೇಜರ್ ಇಂಗಳಗಿ ಸಾಹೇಬರಿಂದ ಚೀಟಿ ಬಂತು. ಬರುವ ತಿಂಗಳ ಮೊದಲ ಸೋಮವಾರದಿಂದ ಗುಂಡಿ ಆರನೇ ಗೆರೆಗೆ. ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ. ತೋರಿಸಬಾರದು ಅಂದುಕೊಂಡಿದ್ದೆ, ಕೈ ತಾನೇ ಹೊರಗೆ ತೆಗೆಯಿತು. ಯಾವ ಹಾಡೂ ಇಲ್ಲದೆ ನನ್ನ ಕೈ ನನ್ನ ಮಾತು ಕೇಳದೆ ಹೋದದ್ದು ಅದೇ ಮೊದಲು.

ವೈನಿ ಚೀಟಿ ಓದಿದಳು. "ಐದಕ್ಕ ಎರಡು ಬೆರಳು. ಆರಕ್ಕ ಎಷ್ಟಂತ?" ಅಂದಳು. ಚೀಟಿ ಮಡಚಿದಳು. "ಇನ್ನ ಹದಿನೈದು ದಿನ ಅದಾವ. ಎದ್ದು ಅಂಗಿ ಹಾಕ್ಕೋ. ಮೌಲಾಸಾಬ ಕಾಕಾನ ಕಡೆ ಹೋಗೂಣು."

ಮೌಲಾಸಾಬರು ಊರಿನ ವಾಚನಾಲಯ ನೋಡಿಕೊಳ್ಳುವವರು. ಅದರ ಹಿಂದಿನ ಕೋಣೆಯಲ್ಲಿ ಸಂಜೆ ಐದೂವರೆಗೆ ಓದುವ ಕೂಟ ಸೇರುತ್ತಿತ್ತು, ವೈನಿ ಅದರಲ್ಲಿ ಹಳಬಳು. ಒಬ್ಬರು ಒಂದು ಪುಟ ಗಟ್ಟಿಯಾಗಿ ಓದಬೇಕು, ಪಕ್ಕದಲ್ಲಿದ್ದವರು ಅದಕ್ಕೆ ಒಂದೇ ಪ್ರಶ್ನೆ ಹಾಕಬೇಕು: ಇದರಿಂದ ಯಾರ ಹೊಟ್ಟೆ ತುಂಬಿತು? ಕಥೆಯಿರಲಿ, ಪುರಾಣವಿರಲಿ, ಸರಕಾರದ ಪ್ರಕಟಣೆಯಿರಲಿ, ಅದೇ ಪ್ರಶ್ನೆ. ನಾನು ಆವರೆಗೆ ಆ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಹಾಡು ಹಚ್ಚುವವನನ್ನು ಅಲ್ಲಿ ಯಾರು ಕರೆದಾರು?

ಮೌಲಾಸಾಬರ ಎಡಗಿವಿ ಹುಟ್ಟಾ ಕಿವುಡು. ಹೀಗಾಗಿ ಹಾಡು ಬಿದ್ದರೆ ಅವರ ಬಲಗೈ ಬಲಗಾಲು ಮಾತ್ರ ಕುಣಿಯುತ್ತವೆ, ಎಡಭಾಗ ಆರಾಮಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿರುತ್ತದೆ. ವೈನಿ ಚೀಟಿ ತೋರಿಸಿದಾಗ ಅವರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. ಆಮೇಲೆ ಕಪಾಟಿನ ಮೇಲಿನಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದರು.

"ಗುರುದಾಸಪ್ಪನ ಪೆಟ್ಟಿಗಿ," ಅಂದರು.

ಗುರುದಾಸಪ್ಪ ಅಂದರೆ ಕುರೋದಾ. ಕಾರ್ಖಾನೆಯ ಪ್ರೆಸ್ಸುಗಳು ಬಂದದ್ದು ಜಪಾನಿನಿಂದ, ಅವನ್ನು ಜೋಡಿಸಲು ಬಂದ ಫಿಟರ್ ಅವನು. ಊರವರ ಬಾಯಲ್ಲಿ ಗುರುದಾಸಪ್ಪನಾದ. ಆರು ತಿಂಗಳು ವಾಚನಾಲಯದ ಮೇಲಿನ ಕೋಣೆಯಲ್ಲಿ ಇದ್ದ. ಹೊರಗಿನವರಿಗೆ ನಮ್ಮೂರಿನ ಗಾಳಿ ಹತ್ತಲು ಕೆಲವು ತಿಂಗಳು ಬೇಕು. ಅವನಿಗೆ ಹತ್ತಿದ ದಿನ ಅವನು ತನ್ನ ಕೋಣೆಯಲ್ಲಿ ಮೊದಲ ಸಲ ಗಟ್ಟಿಯಾಗಿ ರಿಕಾರ್ಡು ಹಚ್ಚಿದ್ದ, ಸೂಜಿ ಎತ್ತಲು ಅವನ ಕೈ ಅವನ ಮಾತು ಕೇಳಲಿಲ್ಲ. ಎದುರಿನ ಕುಂಬಾರ ಓಣಿಯಲ್ಲಿ ಒಂದೇ ಏಟಿಗೆ ಅರವತ್ತು ಗಡಿಗೆ ಒಡೆದವು. ಅವನು ಊರು ಬಿಡುವಾಗ ರಿಕಾರ್ಡು ಮತ್ತು ಯಂತ್ರ ಎರಡನ್ನೂ ಮೌಲಾಸಾಬರ ಕೈಗಿಟ್ಟು, ಬಂದಷ್ಟು ಕನ್ನಡದಲ್ಲಿ ಹೇಳಿ ಹೋಗಿದ್ದ: "ಬಾರ್ಸಾವ್ರು ಇಬ್ಬರೇ. ಒಬ್ಬ ಒಡೀತಾನ, ಒಬ್ಬ ಹೊರ್ತಾನ. ಇಲ್ಲಿ ಹಚ್ಚಬ್ಯಾಡ್ರಿ."

"ಹಂಗಾರ ಯಾಕ ತೆಗದಿ ಕಾಕಾ?" ಎಂದಳು ಚಂಪವ್ವ. ಅವಳೂ ಕೂಟದವಳು, ಮೂರನೇ ಪ್ರೆಸ್ಸಿನವಳು, ಕಾರ್ಖಾನೆಯಲ್ಲಿ ಅವಳಷ್ಟು ವೇಗದ ಕೈ ಇನ್ನೊಂದಿಲ್ಲ, ಅವಳಷ್ಟು ವೇಗದ ನಾಲಿಗೆಯೂ ಇಲ್ಲ.

"ಮುಚ್ಚಳಕ್ಕ ಕಂಪನಿ ಹಾಡು ಒಂದ ಐತಿ ಅಂತ ಅವರು ನಮಗ ಹೇಳ್ಯಾರ. ಬ್ಯಾರೆ ಹಾಡಿಗೂ ಮುಚ್ಚಳ ಒತ್ತಾಕ ಬರ್ತೈತೋ ಏನೋ, ಯಾರ್ ನೋಡ್ಯಾರ?"

ಹೀಗೆ ಶುರುವಾಯಿತು. ಪೆಟ್ಟಿಗೆಯಲ್ಲಿ ನಾಲ್ಕು ರಿಕಾರ್ಡು ಇದ್ದವು. ನಾಲ್ಕೂ ಅದೇ ಇಬ್ಬರವು, ಜಪಾನೀ ಬರಹ ನಮಗಾರಿಗೂ ಬಾರದು, ಯಾವುದು ಮೊದಲಿನದು ಯಾವುದು ಕೊನೆಯದು ಗೊತ್ತಿಲ್ಲ. ಹೊದಿಕೆಯ ಚಿತ್ರ ನೋಡಿ ನಾವೇ ಹೆಸರಿಟ್ಟೆವು: ಕಾಗೆ, ಏಣಿ, ಖಾಲಿ ಕುರ್ಚಿ, ಮತ್ತು ಯಾವ ಚಿತ್ರವೂ ಇಲ್ಲದ ಬಿಳಿಯದು. ಚರ್ಮವಾದ್ಯ ಬಡಿಯುವವನು ಹಲಗಿಯಣ್ಣ ಆದ, ದಪ್ಪ ತಂತಿಯ ಗಿಟಾರ್ ಮೀಟುವವನು ತಂತಿಯಣ್ಣ. ಬೀದಿಗೆ ಸದ್ದು ಹೋಗದಂತೆ ಕಿಟಕಿಗೆ ಕೌದಿ ಕಟ್ಟಿದೆವು. ಮೌಲಾಸಾಬರು ಯಂತ್ರದ ಎಡಕ್ಕೆ ಕೂತರು. ಏನಾದರೂ ಎಡವಟ್ಟಾದರೆ ಸೂಜಿ ಎತ್ತಲು ಅವರ ಎಡಗೈ ಒಂದೇ ಸ್ವತಂತ್ರವಾಗಿತ್ತು. ನನಗೆ ಅಲ್ಲಿ ಮೇಣ ಇರಲಿಲ್ಲ. ವೈನಿ ಮನೆಯಿಂದ ಹೊರಡುವಾಗಲೇ ನನ್ನ ಜೇಬಿನಿಂದ ಆ ಡಬ್ಬಿ ತೆಗೆದಿಟ್ಟಿದ್ದಳು.

ಮೊದಲು ಕಾಗೆ. ಒಂದೊಂದು ಹಾಡು ಒಂದು ನಿಮಿಷದ್ದು. ಬಡಿತ ಅಂದರೆ ಬಡಿತ, ಹಲಗಿಯಣ್ಣ ಹತ್ತು ಕೈಯಿಂದ ಬಡಿದಂತೆ, ತಂತಿಯಣ್ಣ ಅವನ ಬೆನ್ನಿಗೆ ಬಿದ್ದು ಅಟ್ಟಿಸಿಕೊಂಡು ಹೋದಂತೆ. ಒಮ್ಮೆಲೇ ನಿಂತುಬಿಡುತ್ತಿತ್ತು. ಹಾಡು ನಿಂತಾಗ ನನ್ನ ಒಂದು ಕಾಲು ಗಾಳಿಯಲ್ಲಿತ್ತು, ಚಂಪವ್ವನ ಎರಡೂ ಕೈ ನನ್ನ ತಲೆಗೂದಲಲ್ಲಿದ್ದವು. ಅಷ್ಟರಲ್ಲಿ ಮುಂದಿನದು ಶುರು. ಒಂದು ಸುತ್ತಿಗೆ ಎಷ್ಟು ಏಟೆಂದು ಎಣಿಸಿ ನೋಡಿದೆವು. ಏಳು. ಮತ್ತೆ ಎಣಿಸಿದೆವು, ಏಳೇ.

"ರಿಕಾರ್ಡು ಸವೆದೈತಿ," ಎಂದಳು ಚಂಪವ್ವ. "ಎಂಟರಾಗ ಒಂದು ಹೊಡತ ತಿಂದೈತಿ. ನಾಕ ನಾಕ ಎಂಟು, ಏಳು ಅನ್ನೂದು ಎಲ್ಲಿಂದ ಬರಬೇಕು?"

ಎಲ್ಲರಿಗೂ ಸರಿ ಅನಿಸಿತು. ಹುಟ್ಟಿದಾಗಿನಿಂದ ನಾಲ್ಕಕ್ಕೆ ಕೈ ಆಡಿಸಿದವರು ನಾವು. ಅಂಟವಾಳದ ನೀರು ಮಾಡಿ, ಮೆತ್ತನ್ನ ಬಟ್ಟೆಯಿಂದ ಕಾಗೆಯನ್ನು ತೊಳೆದು, ನೆರಳಲ್ಲಿ ಒಣಗಿಸಿದೆವು. ಇಡೀ ಎರಡು ದಿನ ಆ ಕಳೆದುಹೋದ ಒಂದು ಏಟಿಗಾಗಿ ತೊಳೆದದ್ದೇ ತೊಳೆದದ್ದು. ಮೂರನೇ ಸಂಜೆ ಮತ್ತೆ ಹಚ್ಚಿದರೆ ಏಳೇ, ಮೊದಲಿಗಿಂತ ಸ್ವಚ್ಛವಾದ ಏಳು.

ಮೌಲಾಸಾಬರು ಎಡಗೈಯಿಂದ ಸೂಜಿ ಎತ್ತಿದರು. "ತಿಂದಿಲ್ಲವಾ ಏನೂ. ಅವರದ ಏಳು. ಅವರು ಏಳು ಅಂತ ಬೇಕಂತ ಬಡದಾರ."

ಬೇಕಂತಲೇ! ಯಾರೂ ಕೇಳದಿದ್ದರೂ, ಯಾರಿಗೂ ಮುಚ್ಚಳ ಒತ್ತಬೇಕಾಗಿಲ್ಲದಿದ್ದರೂ, ಎಲ್ಲೋ ಸಮುದ್ರದಾಚೆಯ ಒಂದು ಕೋಣೆಯಲ್ಲಿ ಇಬ್ಬರು ಕೂತು ಏಳು ಅಂತ ಬಡಿದಿದ್ದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಡು ನಿಂತಿದ್ದರೂ ಬೆರಳು ಮೊಣಕಾಲಿನ ಮೇಲೆ ಏನನ್ನೋ ಹುಡುಕುತ್ತಿದ್ದವು.

ಆದರೆ ಕಾಗೆಗೆ ಕೆಲಸ ಮಾಡಲಾಗದು. ಏಳು ಇದ್ದದ್ದು ಒಮ್ಮೆಲೇ ಹನ್ನೊಂದಾಗುತ್ತಿತ್ತು, ಹನ್ನೊಂದು ಐದಾಗುತ್ತಿತ್ತು. ಪ್ರೆಸ್ಸಿನ ಮುಂದೆ ಕೂತವಳಿಗೆ ಹತ್ತೂ ಬೆರಳು ಉಳಿಯುವುದಿಲ್ಲ. ವೈನಿ ಅದನ್ನು ಪಕ್ಕಕ್ಕಿಟ್ಟಳು. ಅವಳದು ಒಂದೇ ಹಟ: "ಬೆರಳು ಹೋಗಬಾರದು. ಅವರು ನಮಗ ಮಾಡಿದ್ದನ್ನ ನಾವು ನಮಗ ಮಾಡಬಾರದು. ಅಂಥಾದ್ದು ಸಿಕ್ಕರ ಹಚ್ಚೂಣು, ಸಿಗಲಿಲ್ಲಂದ್ರ ಪೆಟಿಗಿ ಮುಚ್ಚೂಣು."

ಏಣಿಯಲ್ಲಿ ಇಬ್ಬರೂ ಹಾಡುತ್ತಿದ್ದರು, ಹಾಡು ಅನ್ನಬಹುದಾದರೆ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸಿನ ಕಂಡಕ್ಟರುಗಳು ಒಬ್ಬನೇ ಗಿರಾಕಿಗಾಗಿ ಕೂಗಾಡಿದಂತೆ. ಅದು ಜಪಾನೀ ಭಾಷೆಯೂ ಅಲ್ಲ, ಯಾವ ಭಾಷೆಯೂ ಅಲ್ಲ ಎಂದು ಕುರೋದಾ ಹೇಳಿದ್ದನಂತೆ. ಅವರೇ ಕಟ್ಟಿಕೊಂಡ ಮಾತು. ಅದು ಕೇಳುವಾಗ ನಮ್ಮ ಭುಜ ಏರಿಳಿದವು, ಕೈ ಎದುರಿನವರ ಮುಖಕ್ಕೆ ಹೋಗಿ ಬಂದವು, ಊರ ಪಂಚಾಯಿತಿಯ ಜಗಳದಲ್ಲಿ ನಿಂತವರಂತೆ. ರಿಕಾರ್ಡಿನ ಒಂದು ಕಡೆ ಮುಗಿಯುವ ಹೊತ್ತಿಗೆ ನನಗೆ ಯಾರ ಮೇಲೆಂದು ತಿಳಿಯದ ಸಿಟ್ಟು ಬಂದಿತ್ತು. ಸೂಜಿ ಎತ್ತಿದ ಮೇಲೆ ತಿಳಿಯಿತು, ಗುಂಡಿ ತಿರುವಿದ ಕೈಯ ಮೇಲೆ. ಅದನ್ನೂ ಪಕ್ಕಕ್ಕಿಟ್ಟೆವು.

ಖಾಲಿ ಕುರ್ಚಿ ಬೇರೆ ಥರ. ಅದರಲ್ಲಿ ತಂತಿಯಣ್ಣ ಇಲ್ಲ. ಅವನು ಜಗಳಾಡಿ ಹೋದನೋ, ಸತ್ತನೋ, ಕುರೋದಾನಿಗೂ ಗೊತ್ತಿರಲಿಲ್ಲ. ಹಲಗಿಯಣ್ಣ ಒಬ್ಬನೇ ಬಡಿಯುತ್ತಾನೆ, ಆದರೆ ಗೆಳೆಯ ಇದ್ದಾನೆ ಎಂಬಂತೆಯೇ ಬಡಿಯುತ್ತಾನೆ. ತಂತಿ ಬರಬೇಕಾದ ಕಡೆ ಅಷ್ಟಷ್ಟು ಜಾಗ ಬಿಡುತ್ತಾನೆ. ಆ ಜಾಗದಲ್ಲಿ ಏನೂ ಇಲ್ಲ. ಏಟು ಇಲ್ಲದ ಕಡೆ ನಮ್ಮ ಕೈ ನಮ್ಮವೇ ಆಗುತ್ತಿದ್ದವು, ಒಂದೆರಡು ಕ್ಷಣ. ಹೊಸ ಹಾಡನ್ನು ಪರೀಕ್ಷಿಸಲೆಂದು ನಾವು ಊಟದ ತಾಟನ್ನು ಪ್ರೆಸ್ಸು ಅಂತ ಮುಂದಿಟ್ಟುಕೊಂಡು, ಪಕ್ಕದವರ ಕೈಗೆ ಲಟ್ಟಣಿಗೆ ಕೊಟ್ಟು ಕೂರುತ್ತಿದ್ದೆವು. ಕೂತವರು ಬಾಯಿಂದ 'ತುಳಿ' ಅಂದಾಗ ಪಕ್ಕದವರ ಲಟ್ಟಣಿಗೆ ತಾಟಿಗೆ ಬೀಳಬೇಕು. ಆ ಸಂಜೆ ಹಲಗಿಯಣ್ಣ ಬಿಟ್ಟ ಖಾಲಿ ಜಾಗದಲ್ಲಿ ಚಂಪವ್ವನ ಕೈ ಸುಮ್ಮನಿರಲಿಲ್ಲ, ಯಾರೂ ಕರೆಯದೆ ತಾಟಿಗೆ ಹೋಯಿತು. ಲಟ್ಟಣಿಗೆ ಬೆರಳ ಮೇಲೆ ಬಿತ್ತು. ಚಂಪವ್ವ ಕೈ ಬಾಯಲ್ಲಿಟ್ಟುಕೊಂಡು, "ನಾ ಕಳಸಲಿಲ್ಲವಾ, ತಾನ ಹೋತು," ಎಂದಳು. ಅವಳು ಅಂಜಿದ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

"ಹಾಡು ಬಿಟ್ರೂ ಕೈ ಬಿಡಲಿಲ್ಲ," ಎಂದರು ಮೌಲಾಸಾಬರು. "ರೂಢಿ."

ಇನ್ನು ಎಂಟು ದಿನ ಉಳಿದಿತ್ತು. ಬಿಳಿಯದನ್ನು ಹಚ್ಚಿದಾಗ ನಮಗಾರಿಗೂ ಅದರ ಮೇಲೆ ಆಸೆ ಇರಲಿಲ್ಲ. ಶುರುವಿನಲ್ಲಿ ತಂತಿಯ ಒಂದೇ ಗುಂಗು, ಜೇನುಗೂಡಿನ ಹತ್ತಿರ ನಿಂತಂತೆ. ಆಮೇಲೆ ಹಲಗಿಯಣ್ಣ ಐದು ಬಡಿದ. ಬಿಟ್ಟ. ತಂತಿಯ ಗುಂಗಷ್ಟೇ, ಮೂರು ಎಣಿಕೆಯ ಹೊತ್ತು. ಮತ್ತೆ ಐದು ಬಡಿದ. ಬಿಟ್ಟ. ಅವಸರವಿಲ್ಲ, ಬದಲಾವಣೆಯಿಲ್ಲ, ಒಂದು ಇಡೀ ಕಡೆ ಅದೇ. ಆದರೂ ಪ್ರತಿ ಸಲ ಬಿಟ್ಟಾಗ ಈಗ ಬರುವುದಿಲ್ಲವೇನೋ ಅನಿಸುತ್ತಿತ್ತು, ಬರುತ್ತಿತ್ತು. ಇದನ್ನು ನಾನು ಎಲ್ಲೋ ಕೇಳಿದ್ದೆ. ಹಾಸಿಗೆಯಲ್ಲಿ ಮಗ್ಗಲು ಬದಲಿಸುತ್ತ ಕೇಳಿದ್ದೆ.

ವೈನಿ ಬಿಡುವಿನ ಮೂರು ಎಣಿಕೆಯಲ್ಲಿ ತನ್ನ ಎಡಗೈಯನ್ನು ಮೇಲೆತ್ತಿ ನೋಡಿಕೊಂಡಳು. "ಇದು ನನ್ನ ರೊಟ್ಟಿ," ಎಂದಳು.

ಲೆಕ್ಕ ಹಾಕಿದೆವು. ಐದು ಬಡಿತದಲ್ಲಿ ನಾಲ್ಕಕ್ಕೆ ಇಡು, ತೆಗೆ, ತುಳಿ, ಎತ್ತು. ಐದನೆಯದಕ್ಕೆ ಕೈ ಮಡಿಲಿಗೆ. ಆಮೇಲಿನ ಮೂರು ಎಣಿಕೆ ಕೈ ಮಡಿಲಲ್ಲೇ. ಎಂಟಕ್ಕೆ ಎರಡು ಮುಚ್ಚಳ ಒತ್ತುವ ಕಡೆ ಒಂದು ಮುಚ್ಚಳ. ಕೂಟದ ಹಳೆಯ ಪ್ರಶ್ನೆಯನ್ನು ಚಂಪವ್ವ ಕೇಳಿದಳು: "ಇದರಿಂದ ಯಾರ ಹೊಟ್ಟಿ ತುಂಬ್ತು?"

"ಯಾರದೂ ತುಂಬಂಗಿಲ್ಲ. ಯಾರ ಕೈಯೂ ಕಡಿಯಂಗಿಲ್ಲ," ಎಂದಳು ವೈನಿ.

ಇನ್ನೊಂದು ವಿಷಯವಿತ್ತು. ಆ ಕಡೆಯ ನಡುಮಧ್ಯ ಇಬ್ಬರೂ ಒಮ್ಮೆಲೇ ನಿಲ್ಲುತ್ತಾರೆ. ಮೊದಲ ಸಲ ಕೇಳಿದಾಗ ಕರೆಂಟು ಹೋಯಿತೆಂದು ಮೌಲಾಸಾಬರು ಎದ್ದು ಸ್ವಿಚ್ಚು ನೋಡಿದರು. ಕರೆಂಟು ಇತ್ತು, ರಿಕಾರ್ಡು ತಿರುಗುತ್ತಲೇ ಇತ್ತು. ಎಣಿಸಿದರೆ ನಲವತ್ತು ಎಣಿಕೆಯ ಮೌನ. ಆಮೇಲೆ ಏನೂ ಆಗದವರಂತೆ ಮತ್ತೆ ಐದು. ಆ ನಲವತ್ತರಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಹಾಡು ಮುಗಿಯದೆಯೇ ನಮ್ಮ ಕೈಕಾಲು ಅಷ್ಟು ಹೊತ್ತು ನಮ್ಮವಾಗಿದ್ದು ನಮ್ಮೂರ ಇತಿಹಾಸದಲ್ಲೇ ಇರಲಿಕ್ಕಿಲ್ಲ. ಏನು ಮಾಡಬೇಕೆಂದು ತಿಳಿಯದೆ ಚಂಪವ್ವ ಮೂಗು ಕೆರೆದುಕೊಂಡಳು. ಮರುದಿನ ಅದೇ ಮೌನದಲ್ಲಿ ನೀರು ಕುಡಿದಳು. ಅದರ ಮರುದಿನ ಇಂಗಳಗಿ ಸಾಹೇಬರ ನಡಿಗೆಯನ್ನು ಅಣಕಿಸಿ ತೋರಿಸಿದಳು.

ಕಲಿಯಬೇಕಾದದ್ದು ಬಡಿತವನ್ನಲ್ಲ. ಬಡಿತಕ್ಕೆ ಕೈ ತಾನೇ ಹೋಗುತ್ತದೆ. ಕಲಿಯಬೇಕಾದದ್ದು ಬಿಡುವನ್ನು. ಎಂಟು ದಿನ, ದಿನಕ್ಕೆ ಹತ್ತು ಹನ್ನೆರಡು ಹೆಂಗಸರಂತೆ, ಸರದಿಯಲ್ಲಿ ನಲವತ್ತೂ ಜನ ವಾಚನಾಲಯದ ಹಿಂದಿನ ಕೋಣೆಯಲ್ಲಿ ತಾಟು ಲಟ್ಟಣಿಗೆ ಇಟ್ಟುಕೊಂಡು ಕೂತರು. ಮೊದಮೊದಲು ಎಲ್ಲರ ಕೈಯೂ ಬಿಡುವಿನಲ್ಲಿ ತಾಟಿಗೆ ಹೋಗುತ್ತಿದ್ದವು. ಒಬ್ಬಳು ಅತ್ತಳು, "ಸುಮ್ನ ಕುಂದ್ರಾಕ ಆಗವಲ್ದು ಯಕ್ಕಾ, ಎದಿ ಹಾರ್ತೈತಿ." ವೈನಿ ಅವಳ ಹಿಂದೆ ಕೂತು, ಬಿಡುವು ಬಂದಾಗಲೆಲ್ಲ ತನ್ನ ಮೂರು ಬೆರಳಿನ ಕೈಯಿಂದ ಅವಳ ಮಣಿಕಟ್ಟು ಹಿಡಿದು ಮಡಿಲಿಗಿಡುತ್ತಿದ್ದಳು. ಬೈದಳು, ನಗಿಸಿದಳು, ಮತ್ತೆ ಮತ್ತೆ ಹಿಡಿದಿಟ್ಟಳು. ಏಳನೇ ದಿನ ಕೂತವರಲ್ಲಿ ಒಂದು ಕೈಯೂ ತಾಟಿಗೆ ಹೋಗಲಿಲ್ಲ. ಎಂಟನೇ ದಿನವೂ ಹೋಗಲಿಲ್ಲ.

ಭಾನುವಾರ ಸಂಜೆ ವೈನಿ ಬಿಳಿ ಹೊದಿಕೆಯ ರಿಕಾರ್ಡನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಮುಂದಿಟ್ಟಳು. ಅದರ ಪಕ್ಕಕ್ಕೆ ಮೇಣದ ಡಬ್ಬಿ. "ಹಚ್ಚೂದು ಬಿಡೂದು ನಿನಗ ಬಿಟ್ಟದ್ದು. ಹಚ್ಚಿದ್ರ ಮಾತ್ರ ಕಿವಿ ತೆರಕೊಂಡು ಹಚ್ಚು. ಕೆಳಗ ಯಾರರ ಚೀರಿದ್ರ ಮ್ಯಾಲಿದ್ದಾಂವಗ ಕೇಳಬೇಕು."

"ನೌಕರಿ ಹೋಗ್ತೈತಿ ವೈನಿ."

"ಹೋಗ್ತೈತಿ," ಎಂದಳು. ಸಮಾಧಾನ ಹೇಳಲಿಲ್ಲ.

ಸೋಮವಾರ ಎಂಟು ಗಂಟೆಗೆ ಹಾಡಿನ ಕೋಣೆಯಲ್ಲಿ ಕೂತೆ. ಮೇಜಿನ ಮೇಲೆ ಕಂಪನಿಯ ರಿಕಾರ್ಡು, ಅದರ ಮೇಲೆ ಸಾಹೇಬರ ಚೀಟಿ: ಆರು. ಕೆಳಗೆ ನಲವತ್ತು ಹೆಂಗಸರು ಪ್ರೆಸ್ಸಿಗೆ ಕೂತು ತಲೆಯೆತ್ತಿ ನನ್ನ ಕಿಟಕಿ ನೋಡುತ್ತಿದ್ದರು. ಬಾಗಿಲ ಬಳಿ ವೈನಿ, ಕೈಯಲ್ಲಿ ಕಸಬರಿಗೆ. ಮೇಣದ ಡಬ್ಬಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಆಮೇಲೆ ಮುಚ್ಚಿ ಮೇಜಿನ ಮೇಲಿಟ್ಟು ಬಿಳಿಯದನ್ನು ಹಚ್ಚಿದೆ.

ಆ ಕಾರ್ಖಾನೆಯ ಸದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಲಗಿಯಣ್ಣನ ಐದು ಬಡಿತದ ಅಡಿಯಲ್ಲಿ ನಲವತ್ತು ಪ್ರೆಸ್ಸು ಒಟ್ಟಿಗೆ ತಗಡು ಕಚ್ಚುವ ಸದ್ದು. ಹನ್ನೊಂದು ವರ್ಷ ಈ ಹಲ್ಲುಗಳ ಮೇಲೆ ಕೂತು ನಾನು ಬುತ್ತಿ ಉಂಡಿದ್ದೆ. ಐದನೆಯದಕ್ಕೆ ನಲವತ್ತು ಜೋಡಿ ಕೈ ಮಡಿಲಿಗೆ ಬಂದವು. ಒಂದು, ಎರಡು, ಮೂರು. ಪ್ರೆಸ್ಸುಗಳು ಬಾಯಿ ತೆರೆದುಕೊಂಡೇ ಇದ್ದವು, ಒಂದು ಬೆರಳೂ ಅವುಗಳೊಳಗಿರಲಿಲ್ಲ. ನನ್ನ ಕೈಯೂ ಮೇಜಿನ ಮೇಲೆ ಐದು ಬಡಿದು ಮಡಿಲಿಗೆ ಬೀಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಅಂಗಳದ ಆಚೆಯ ಆಫೀಸಿನಿಂದ ಇಂಗಳಗಿ ಸಾಹೇಬರು ಹೊರಬಿದ್ದರು. ಅವರ ಆಫೀಸಿಗೆ ದಪ್ಪ ಗಾಜು, ಅಲ್ಲಿ ಕಿವಿಗೆ ಏನೂ ಬೇಕಿಲ್ಲ. ಸಿಟ್ಟಿನಲ್ಲಿ ಬರಿಗಿವಿಯಲ್ಲೇ ಬಾಗಿಲು ತೆಗೆದಿದ್ದರು. ಹಾಡು ಅವರನ್ನೂ ಹಿಡಿಯಿತು. ಐದು ಹೆಜ್ಜೆ ಹಾಕಿದರು, ನಿಂತರು. ಆ ಮೂರು ಎಣಿಕೆಯಲ್ಲಿ ಕಾಲು ಅವರವೇ, ಓಡಬಹುದಿತ್ತು. ಆದರೆ ಬಿಟ್ಟ ಕಾಲಿನಿಂದ ಏನು ಮಾಡಬೇಕೆಂದು ಅವರಿಗೂ ಯಾರೂ ಕಲಿಸಿರಲಿಲ್ಲ. ಐದು ಹೆಜ್ಜೆ, ನಿಲುಗಡೆ. ಐದು ಹೆಜ್ಜೆ, ನಿಲುಗಡೆ. ಮುಖ ಕೆಂಪೇರಿ, ಕೈ ಮುಷ್ಟಿ ಕಟ್ಟಿ, ಹೊಸ ಮದುಮಗನ ಹಾಗೆ ಅಂಗಳ ದಾಟಿದರು. ಬಿಡುವಿನ ಎಣಿಕೆಯಲ್ಲಿ ಕೆಳಗೆ ಯಾರೋ ಕಿಸಕ್ಕನೆ ನಕ್ಕರು. ಚಂಪವ್ವನೇ ಇರಬೇಕು. ನಗು ಒಂದು ಪ್ರೆಸ್ಸಿನಿಂದ ಇನ್ನೊಂದಕ್ಕೆ ಹರಿಯಿತು. ಬಿಡುವು ಮುಗಿದಾಗ ಎಲ್ಲರೂ ಗಂಭೀರವಾಗಿ ಬಿಲ್ಲೆ ಇಟ್ಟರು.

ಸಾಹೇಬರು ಮೆಟ್ಟಿಲೇರಿ ಕೋಣೆಯ ಬಾಗಿಲಿಗೆ ಬಂದಾಗ ಹಾಡು ನಡುಮಧ್ಯಕ್ಕೆ ಬಂದಿತ್ತು. ಇಬ್ಬರೂ ಒಮ್ಮೆಲೇ ನಿಂತರು. ನಲವತ್ತು ಎಣಿಕೆಯ ಮೌನ ಶುರುವಾಯಿತು. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ.

"ಏನೋ ಇದು ಮಲ್ಹಾರಿ?" ಅವರು ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಟ್ಟರು. "ಯಾವ ದೆವ್ವದ ಹಾಡಿದು? ಯಾರ್ ಹೇಳಿದ್ರು ನಿನಗ?"

ಹತ್ತು. ಹನ್ನೊಂದು.

ಅವರು ದನಿ ಇಳಿಸಿದರು. ಕೆಟ್ಟ ಮನುಷ್ಯನೇನಲ್ಲ, ನನ್ನ ಅಪ್ಪ ಸತ್ತಾಗ ಮಣ್ಣಿಗೆ ಬಂದಿದ್ದರು. "ನೋಡಪಾ, ನನಗೂ ಮ್ಯಾಲಿಂದ ಚೀಟಿ ಬರ್ತೈತಿ. ನಿಮ್ಮ ವೈನಿ ಕೈದು ನನಗೂ ಕೆಟ್ಟ ಅನಿಸೈತಿ. ಅದಕ್ಕ ಹೊರಗ ಹಾಕಲಿಲ್ಲ, ಕಸಬರಿಗಿ ಕೊಟ್ಟೆ. ಹಿಂಗ ಮಾಡಿದ್ರ ನಾಳಿಗೆ ಅದೂ ಇರಂಗಿಲ್ಲ, ನೀನೂ ಇರಂಗಿಲ್ಲ. ಇದನ್ನ ತಗಿ. ನಮ್ಮ ಹಾಡು ಹಚ್ಚು. ಆರಕ್ಕ."

ಇಪ್ಪತ್ತಮೂರು. ಇಪ್ಪತ್ನಾಲ್ಕು. ಕೆಳಗೆ ನಲವತ್ತು ಜೋಡಿ ಕೈ ಮಡಿಲಲ್ಲಿ ತೆರೆದುಕೊಂಡು ಬಿದ್ದಿದ್ದವು. ಎಲ್ಲರೂ ತಲೆಯೆತ್ತಿ ಕಿಟಕಿ ನೋಡುತ್ತಿದ್ದರು. ವೈನಿ ಕಸಬರಿಗೆಯನ್ನು ಗೋಡೆಗೆ ಒರಗಿಸುತ್ತಿದ್ದಳು, ನಿಧಾನಕ್ಕೆ, ಅದು ಬೀಳದಂತೆ ನೋಡಿಕೊಂಡು. ಸಾಹೇಬರು ಮೇಜಿನ ಮೇಲಿನ ಮೇಣದ ಡಬ್ಬಿ ಎತ್ತಿ ಅದರ ಮುಚ್ಚಳ ತೆಗೆದು ನನ್ನ ಮೂಗಿನ ಮುಂದೆ ಹಿಡಿದರು. ನಮ್ಮ ಕಾರ್ಖಾನೆಯದೇ ಮುಚ್ಚಳ.

"ಮೇಣ ಹಾಕ್ಕೋ. ಮೊದಲ ಮೇಣ ಹಾಕ್ಕೋ."

ಮೂವತ್ತು. ಮೂವತ್ತೊಂದು. ಗುಂಡಿ ತಿರುವಿದ ನನ್ನ ಕೈ ಮಡಿಲಲ್ಲಿತ್ತು. ಅದು ನನ್ನದೇ ಆಗಿತ್ತು, ಅದನ್ನು ಯಾವ ಹಾಡೂ ಹಿಡಿದಿರಲಿಲ್ಲ, ಆದ್ದರಿಂದ ಅದು ಏನು ಮಾಡಿದರೂ ನಾನು ಮಾಡಿದಂತೆಯೇ. ನಾನು ಅದನ್ನು ಅಲ್ಲೇ ಇಟ್ಟುಕೊಂಡೆ.

"ಹೇಳಾಕತ್ತೇನಲ್ಲ!" ಸಾಹೇಬರು ಮೇಜು ಕುಟ್ಟಿದರು. "ಕಿವುಡ ಅದೀಯೇನು?"

"ಇದ್ದೆ ರೀ ಸಾಹೇಬ್ರ, ಹನ್ನೊಂದು ವರ್ಷ," ಅಂದೆ. "ಇನ್ನ ಮೇಣ ಹಾಕ್ಕೊಳ್ಳಂಗಿಲ್ಲ."